ಅಳಿಯನ ಉರಿ

ಅಳಿಯ ಜೆಗ್ಯು ಬೆಳಗ್ಗೆಯೇ ನನ್ನ ಮಗಳು ಸುನೊಕ್‌ಳನ್ನು ಲಾರಿಯಲ್ಲಿ ತಂದು, ನಾವು ಕಡಲ ಸಿಂಪಿಯ ಚಿಪ್ಪು ಬಿಡಿಸುವ ಚಪ್ಪರದ ಮುಂದೆ ಇಳಿಸಿದ. ಅವಳ ಬಟ್ಟೆಬರೆಯನ್ನೂ ಇಳಿಸಿದ. ಅವಳು ಕೈಗವಸು ತೊಟ್ಟು, ಚೂರಿ ತಗೊಂಡು ಹೆಂಗಸರ ಸಾಲಿನಲ್ಲಿ ಕೂತುಬಿಟ್ಟಳು.

ಅವನು ನನ್ನನ್ನು ಬಲೆಗಳ ರಾಶಿಯ ಹಿಂದಕ್ಕೆ ಕರೆದ.

“ಮಾವ, ನನಗೆ ಕೆಳಗೆ ಹುಣ್ಣಾಗಿದೆ. ಉಚ್ಚೆ ಹೊಯ್ದ್ರೆ ಉರಿ. ನಾನು ಬೇರೆ ಯಾರ ಹತ್ರಾನೂ ಹೋದೋನಲ್ಲ. ಹಾಗಾದ್ರೆ ಇದು ಎಲ್ಲಿಂದ ಬಂತು? ನೀವೇ ಹೇಳಿ.”

ಚಪ್ಪರದೊಳಗೆ ಚೂರಿಗಳ ಸದ್ದು ನಿಂತಿತು.

“ಡಾಕ್ಟರಿಗೆ ತೋರಿಸಿದ್ರಾ?”

“ಯಾವ ಮುಖ ಇಟ್ಕೊಂಡು ತೋರಿಸ್ಲಿ? ಅಮ್ಮನಿಗೆ ಮಾತ್ರ ಹೇಳಿದೀನಿ. ಅಂಥವಳನ್ನ ಮನೇಲಿ ಇಟ್ಕೋಬೇಡ ಅಂದ್ಲು.”

“ಈಗಲೇ ಹೋಗೋಣ ನಡೀರಿ. ಅವಳದ್ದೇ ತಪ್ಪು ಅಂತಾದ್ರೆ ಅವಳು ಇಲ್ಲೇ ಇರ್ತಾಳೆ. ಅಲ್ಲ ಅಂತಾದ್ರೆ?”

ಅವನು ಲಾರಿ ಹತ್ತಿದ, ನಾನೂ ಹತ್ತಿದೆ.

ದಾರಿಯುದ್ದಕ್ಕೂ ನನಗೆ ಹೊಸ ವರ್ಷದ ಹಿಂದಿನ ದಿನದ್ದೇ ನೆನಪು. ನಾನೂ ಅವನೂ ಊರಿನವರೆಲ್ಲ ಒಟ್ಟಿಗೆ ಮೀಯುವ ಸಾರ್ವಜನಿಕ ಸ್ನಾನದ ಮನೆಗೆ ಹೋಗಿದ್ದೆವು. ಬಿಸಿನೀರಿನಲ್ಲಿ ನೆನೆದು, ಒರಟಾದ ಹಸಿರು ಬಟ್ಟೆಯಲ್ಲಿ ಮೈಯ ಕೊಳೆ ಶಾವಿಗೆಯ ಹಾಗೆ ಉರುಳಿ ಬರುವತನಕ ಉಜ್ಜದಿದ್ದರೆ ನಮ್ಮವರಿಗೆ ಮಿಂದಂತಾಗುವುದಿಲ್ಲ. ಆವತ್ತು ಅವನು ಗೋಡೆಗೆ ಮುಖ ಮಾಡಿ ಕೂತು ಬಹಳ ಹೊತ್ತು ಉಜ್ಜಿಕೊಳ್ಳುತ್ತಿದ್ದ. ಎಂದಿನಂತೆ ನನ್ನ ಬೆನ್ನುಜ್ಜಲೂ ಬರಲಿಲ್ಲ.

ಆಸ್ಪತ್ರೆಯಲ್ಲಿ ಹೆಸರು ಕರೆದಾಗ ಅವನು ನನ್ನ ತೋಳು ಹಿಡಿದ. “ನೀವೂ ಬನ್ನಿ ಮಾವ. ಆಮೇಲೆ ನಾನು ಸುಳ್ಳು ಹೇಳ್ದೆ ಅನ್ಬೇಡಿ.”

ನಾನು ಪರದೆಯ ಈಚೆ ನಿಂತೆ.

“ಏನು ಹಚ್ತಾ ಇದ್ರಿ?” ಡಾಕ್ಟರರ ದನಿ.

“ಏನೂ ಇಲ್ಲ. ತೊಳೀತೀನಿ ಅಷ್ಟೇ. ದಿನಾ.”

“ಯಾವುದ್ರಲ್ಲಿ?”

“ಮೈ ಉಜ್ಜೋ ಬಟ್ಟೇಲಿ. ಸೋಪು ಹಾಕಿ.”

“ಆ ಹಸಿರು ಬಟ್ಟೇಲಾ? ಅದ್ರಲ್ಲಿ ಬೆನ್ನೇ ಕೆಂಪಾಗುತ್ತೆ. ಇದೇನು ಹಂಡೆ ತಳ ಅಂದ್ಕೊಂಡ್ರೇನ್ರೀ?”

ಗಾಯವನ್ನು ಹತ್ತಿಯಲ್ಲಿ ಒರೆಸಿ ಪರೀಕ್ಷೆಗೆ ತೆಗೆದರು, ಮೂತ್ರ ಹಿಡಿಸಿದರು, ರಕ್ತ ತೆಗೆದರು. ಬೆಂಚಿನ ಮೇಲೆ ಕಾದೆವು. ಅವನು ಎದ್ದೆದ್ದು ಹೋಗಿ ನೀರು ಕುಡಿದು ಬರುತ್ತಿದ್ದ. ಒಳಗಿಂದ ಬರುವ ಒಂದು ಮಾತಿನ ಮೇಲೆ ನನ್ನ ಮಗಳ ಮಾನ ನಿಂತಿತ್ತು.

ಮತ್ತೆ ಕರೆದರು.

“ನಿಮಗೆ ಸಕ್ಕರೆ ಕಾಯಿಲೆ ಇದೆ,” ಎಂದರು ಡಾಕ್ಟರು. “ಮೂತ್ರದಲ್ಲಿ ಸಕ್ಕರೆ ಹೋಗ್ತಿದೆ. ತುದಿ ಚರ್ಮದ ಕೆಳಗೆ ತೇವ ನಿಂತು ಬೂಷ್ಟು ಬೆಳೆದು ಬಾವು ಬಂದಿದೆ. ಅದನ್ನ ಕೊಳೆ ಅಂದ್ಕೊಂಡು ಉಜ್ಜಿ ಉಜ್ಜಿ ಹುಣ್ಣು ಮಾಡ್ಕೊಂಡಿದ್ದೀರಿ.”

“ಹೆಂಡ್ತಿಯಿಂದ ಬಂದಿದ್ದಲ್ವಾ?”

“ಹಾಗೆ ಬರೋ ರೋಗಗಳೂ ಇವೆ, ಅದಕ್ಕೇ ಅದನ್ನೂ ನೋಡ್ದೆ. ನಿಮಗೆ ಅದಿಲ್ಲ. ಬರೀ ಉಗುರುಬೆಚ್ಚಗಿನ ನೀರಲ್ಲಿ ತೊಳೀರಿ. ಸೋಪು ಬೇಡ, ಆ ಬಟ್ಟೆ ಬೇಡ. ತೇವ ಆರಿದ ಮೇಲೆ ಈ ಮುಲಾಮು ಹಚ್ಚಿ. ವಾಸಿ ಆಗೋವರೆಗೂ ಹೆಂಡ್ತಿ ಹತ್ರ ಹೋಗ್ಬೇಡಿ. ಅವರಿಗೂ ತುರಿಕೆ ಗಿರಿಕೆ ಇದ್ರೆ ಕರ್ಕೊಂಡು ಬನ್ನಿ. ಸಕ್ಕರೆ ಹಿಡಿತಕ್ಕೆ ಬರದಿದ್ರೆ ಇದು ಮತ್ತೆ ಬರುತ್ತೆ, ನೆನಪಿರ್ಲಿ.”

ನಾವು ಚಪ್ಪರಕ್ಕೆ ಬಂದಾಗ ಹೆಂಗಸೊಬ್ಬಳು ತಲೆಯೆತ್ತದೆ ಅಂದಳು, “ಇಳಿಸಿ ಹೋದೋರು ಈಗ ಏರಿಸ್ಕೊಂಡು ಹೋಗೋಕೆ ಬಂದ್ರಾ?”

ಜೆಗ್ಯು ನನ್ನ ಮಗಳ ಮುಂದೆ ಕುಕ್ಕರಿಸಿದ. “ಸುನೊಕ್, ತಪ್ಪಾಯ್ತು. ನಿನ್ನದೇನೂ ಇಲ್ಲ ಅಂತ ಡಾಕ್ಟರು ಹೇಳಿದ್ರು.”

“ನನ್ನದೇನೂ ಇಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ದೇ ಇರೋದು ನಿಮ್ಮಮ್ಮನಿಗೆ. ಇಲ್ಲಿಂದಲೇ ಹೇಳಿ.”

ಅವನು ಚಪ್ಪರದ ಗೋಡೆಯಲ್ಲಿದ್ದ ಫೋನಿನ ಹತ್ತಿರ ಹೋದ. ಅಮ್ಮನ ನಂಬರು ತಿರುಗಿಸಿದ.

“ಅಮ್ಮಾ, ನನಗೆ ಸಕ್ಕರೆ ಕಾಯಿಲೆಯಂತೆ. ಅವಳ ತಪ್ಪೇನೂ ಇಲ್ಲ... ಇಲ್ಲಮ್ಮ, ಮಾವ ಹೇಳಿಸಿದ್ದಲ್ಲ... ನಾನೇ ಉಜ್ಜಿ ಗಾಯ ಮಾಡ್ಕೊಂಡೆ... ಹೂಂ. ಅಲ್ಲೇ.”

ಹೆಂಗಸರು ತುಟಿ ಕಚ್ಚಿಕೊಂಡರು. ಸುನೊಕ್ ನಗಲಿಲ್ಲ.

“ಹೊರಡೋಣವಾ?” ಎಂದ ಅವನು, ಫೋನಿಟ್ಟು.

“ವಾಸಿ ಮಾಡ್ಕೊಳ್ಳಿ ಮೊದಲು. ಆಮೇಲೆ ಬಂದು ಕೇಳಿ. ಬರ್ತೀನೋ ಇಲ್ವೋ ಆವಾಗ ಹೇಳ್ತೀನಿ.”

ನಾನು ಏನಾದರೂ ಅನ್ನಲಿ ಎಂದು ಅವನು ನನ್ನ ಮುಖ ನೋಡಿದ. ನಾನು ಒಂದು ಚೂರಿ ತಗೊಂಡು ಅವಳ ಪಕ್ಕದಲ್ಲಿ ಕೂತೆ.