ಕಾಮಣಿ ಮಾಲೆ

ಹೊಳಬಸಪ್ಪನವರ ಮನೆಯಲ್ಲಿ ಸುದ್ದಿ ನೋಡುವುದೆಂದರೆ ಟೀವಿಗೆ ಎದುರುತ್ತರ ಕೊಡುವುದು. ಪುಣೆಯ ಪಕ್ಕದ ಪಿಂಪ್ರಿಯ ಬಜಾರಿನಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟುಕೊಂಡು ದಿನವಿಡೀ ಗಿರಾಕಿಗಳೊಡನೆ ಮರಾಠಿಯಲ್ಲಿ ನಯವಾಗಿ ಮಾತಾಡಿ ಬಂದ ಮನುಷ್ಯನಿಗೆ, ಸಂಜೆ ಮನೆಗೆ ಬಂದು ಕನ್ನಡದಲ್ಲಿ ಒಮ್ಮೆ ಗದರದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಮಂತ್ರಿಗಳು, ಕ್ರಿಕೆಟ್ ಆಡುವವರು, ಹವಾಮಾನ ಹೇಳುವ ಹುಡುಗಿ, ಯಾರನ್ನೂ ಅವರು ಬಿಟ್ಟವರಲ್ಲ.

2002ರ ಚಳಿಗಾಲದ ಆ ಸಂಜೆ ಅವರ ಬಾಯಿಗೆ ಸಿಕ್ಕಿದ್ದು ದಿಲ್ಲಿಯ ಸಂಸತ್ತು. ಗರ್ಭಪಾತದ ಕಾನೂನನ್ನು ಸಡಿಲಿಸಲು ಅಲ್ಲಿ ಮತ ಬಿದ್ದಿತ್ತು. ಸಣ್ಣ ದವಾಖಾನೆಗಳಿಗೂ ಇನ್ನು ಜಿಲ್ಲೆಯಲ್ಲೇ ಪರವಾನಗಿ ಸಿಗುತ್ತದೆ, ಹೆಂಗಸರು ಕದ್ದುಮುಚ್ಚಿ ಎಲ್ಲೆಲ್ಲೋ ಹೋಗಿ ಪ್ರಾಣ ಕಳೆದುಕೊಳ್ಳಬೇಕಾಗಿಲ್ಲ ಎಂದು ಟೀವಿಯವಳು ವಿವರಿಸುತ್ತಿದ್ದಳು.

"ಕೇಳಿದಿ ಏನ?" ಎಂದು ಹೊಳಬಸಪ್ಪನವರು ಹೆಂಡತಿಯನ್ನು ಕೂಗಿದರು. "ಬಸರು ತಗಸಲಿಕ್ಕೆ ಸರಕಾರನ ಬಾಗಲಾ ತಗದು ಕುಂತದ. ಇನ್ನ ಧರ್ಮ ಅನ್ನೋದು ಎಲ್ಲಿ ಉಳೀತು?"

"ಶಿವಶಿವಾ! ದೀಪಾ ಹಚ್ಚೂ ಹೊತ್ತಿನ್ಯಾಗ ಅಂಥಾ ಮಾತು ಕಿವಿಗೆ ಬೀಳಬಾರದು ನೋಡ್ರಿ," ಎಂದು ಕಲ್ಲವ್ವ ಕೆನ್ನೆ ಬಡಿದುಕೊಂಡಳು.

ಅಡುಗೆಮನೆಯಲ್ಲಿ ಸೊಸೆ ಶೈಲಾ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮಾವನ ಮಾತೂ ಅತ್ತೆಯ ಮಾತೂ ಅವಳಿಗೆ ಸ್ಪಷ್ಟವಾಗಿ ಕೇಳಿಸಿದವು. ನಗು ಬರಬೇಕಿತ್ತು, ಇಲ್ಲವೇ ಸಿಟ್ಟು ಬರಬೇಕಿತ್ತು. ಎರಡೂ ಬರಲಿಲ್ಲ.

"ಅವ್ವಾ, ಕೈ! ಕೈ ಸುಡಾಕತ್ತದ!" ಎಂದು ಮಗಳು ಅನುಜಾ ಚೀರಿದಾಗಲೇ ತನ್ನ ಬೆರಳು ಹಂಚಿನ ಅಂಚಿಗೆ ತಾಗಿದ್ದು ಅವಳಿಗೆ ತಿಳಿಯಿತು. ಕೈ ಹಿಂದೆಗೆದು ರೊಟ್ಟಿ ಮಗುಚಿದಳು. ಅವಳ ಹೊಟ್ಟೆಯಲ್ಲಿ ಮತ್ತೊಂದು ಜೀವ ಮೂಡಿತ್ತು. ಅದನ್ನು ಬಾರಾಮತಿಗೆ ಒಯ್ದು ಪರೀಕ್ಷೆ ಮಾಡಿಸುವುದೆಂದು, ಧರ್ಮದ ಚಿಂತೆಯಲ್ಲಿ ಮುಳುಗಿದ್ದ ಇದೇ ಇಬ್ಬರು ನಿನ್ನೆಯಷ್ಟೇ ತೀರ್ಮಾನಿಸಿದ್ದರು.

ಮೊದಲ ಸಲ ಹೋಗಿದ್ದು ಅನುಜಾಳಿಗೆ ಮೂರು ತುಂಬಿದಾಗ. ಬಾರಾಮತಿಯ ದಾರಿಯಲ್ಲಿ ಕಬ್ಬಿನ ಗದ್ದೆಗಳ ನಡುವೆ ಒಂದು ದವಾಖಾನೆ. ಹೊಟ್ಟೆಯೊಳಗಿನದು ಹೆಣ್ಣೋ ಗಂಡೋ ಎಂದು ಹೇಳುವುದನ್ನು ಕಾನೂನು ಅದಾಗಲೇ ನಿಷೇಧಿಸಿದ್ದರೂ ಅಲ್ಲಿ ಹೇಳುತ್ತಿದ್ದರು. ಹೆಣ್ಣು ಅಂದರು, ಅಂದೇ ತೆಗೆದರು. ಮರುದಿನ ಕಲ್ಲವ್ವನಿಗೆ ಒಂದೇ ಚಿಂತೆ: ಸೊಸೆ ಹಾಸಿಗೆ ಹಿಡಿದದ್ದಕ್ಕೆ ಓಣಿಯವರಿಗೆ ಏನು ಹೇಳುವುದು? ಹೇಗೂ ಮುಖ ಬಿಳಿಚಿಕೊಂಡಿದೆ, ಕಾಮಾಲೆ, ನಮ್ಮ ಕಡೆಯ ಕಾಮಣಿ, ಅಂದರಾಯಿತು. ಬಾರಾಮತಿ ಕಡೆಯ ಹಳ್ಳಿಯೊಂದರಲ್ಲಿ ಕಾಮಣಿಗೆ ಒಳ್ಳೆಯ ಔಷಧ ಹಾಕುತ್ತಾರೆ, ಅಲ್ಲಿಗೇ ಹೋಗಿದ್ದೆವು ಅಂದಳು.

ಹುಟ್ಟಿಸಿದ ಸುಳ್ಳನ್ನು ಸಾಕಲೂಬೇಕಲ್ಲ. ಕಾಮಣಿಯಾದವರಿಗೆ ಎಣ್ಣೆ, ಖಾರ, ಉಪ್ಪು ಕೊಡಬಾರದೆಂದು ಓಣಿಗೆಲ್ಲ ಗೊತ್ತು. ನೋಡಲು ಬಂದ ಹೆಂಗಸರ ಕಣ್ಣು ಮೊದಲು ಬೀಳುವುದೇ ತಾಟಿನ ಮೇಲೆ. ಹೀಗಾಗಿ ರಕ್ತ ಹರಿದು ಬರಿದಾದ ಮೈಗೆ ತುಪ್ಪ, ಬೆಲ್ಲ, ಅಂಟಿನುಂಡೆ ಸಿಗಬೇಕಾದ ಹೊತ್ತಿನಲ್ಲಿ ಶೈಲಾಳಿಗೆ ಸಿಕ್ಕಿದ್ದು ಸಪ್ಪೆ ಅನ್ನ, ನೀರು ಮಜ್ಜಿಗೆ. ಕಲ್ಲವ್ವ ಕೆಟ್ಟತನದಿಂದ ಹಾಗೆ ಮಾಡಲಿಲ್ಲ, ಮರ್ಯಾದೆಗಾಗಿ ಮಾಡಿದಳು. ನಮ್ಮ ಮನೆಗಳಲ್ಲಿ ಹೆಂಗಸರನ್ನು ಕೆಟ್ಟತನಕ್ಕಿಂತ ಹೆಚ್ಚಾಗಿ ಕೊಂದಿರುವುದು ಈ ಮರ್ಯಾದೆಯೇ.

ಎದುರುಮನೆಯ ಚಂದಮ್ಮ ಪಾಪ, ನಂಬಿಬಿಟ್ಟಳು. ಎಲ್ಲಿಂದಲೋ ಕಾಮಣಿ ಮಾಲೆ ತಂದುಕೊಟ್ಟಳು. ಗಿಡದ ಕಡ್ಡಿಗಳನ್ನು ದಾರದಲ್ಲಿ ಬಿಗಿದು ಕಟ್ಟಿದ ಮಾಲೆ ಅದು. ನೆತ್ತಿಯ ಮೇಲೆ ಇಟ್ಟುಕೊಂಡರೆ ಬೇನೆ ಇಳಿದಂತೆಲ್ಲ ಮಾಲೆ ಉದ್ದವಾಗಿ ಕೊರಳಿಗೆ, ಕೊರಳಿಂದ ಎದೆಗೆ ಇಳಿಯುತ್ತದೆ ಎಂದು ನಂಬಿಕೆ. ಇಲ್ಲದ ಕಾಮಣಿಗೂ ಅದು ಚೆನ್ನಾಗಿಯೇ ಇಳಿಯಿತು. ಚಂದಮ್ಮ ಮಾಲೆಗೆ ಕೈಮುಗಿದಳು. ಮರುವರ್ಷವೂ ಅದೇ ದವಾಖಾನೆ, ಅದೇ ಕಾಮಣಿ, ಅಂಥದ್ದೇ ಮಾಲೆ. ಅಲ್ಲಿಂದ ಮೇಲೆ ಶೈಲಾಳಿಗೆ ಅಳು ಬರುವುದು ನಿಂತುಹೋಯಿತು. ಹಬ್ಬ ಬಂದರೂ ಅಷ್ಟೇ, ತವರಿನಿಂದ ಫೋನ್ ಬಂದರೂ ಅಷ್ಟೇ. ಸೊಸೆ ಈಗ ಪ್ರೌಢಳಾಗಿದ್ದಾಳೆಂದು ಮನೆಯವರು ಸಂತೋಷಪಟ್ಟರು.

ಸುದ್ದಿ ಬಂದ ವಾರದಲ್ಲೇ ಅನುಜಾಳಿಗೆ ಕೆಮ್ಮು ಹತ್ತಿತು. ಶೈಲಾ ಅವಳನ್ನು ಡಾಕ್ಟರ್ ಪಂಕಜಾಕ್ಷಿಯವರಲ್ಲಿಗೆ ಕರೆದೊಯ್ದಳು. ಧಾರವಾಡದವರು, ಓಣಿಯ ಕನ್ನಡದವರಿಗೆಲ್ಲ ಬೇಕಾದವರು. ಮಗುವಿನ ಎದೆ ನೋಡಿದ ಮೇಲೆ ಅವರು ತಾಯಿಯ ಕಣ್ಣಿನ ರೆಪ್ಪೆಯನ್ನು ಕೆಳಗೆ ಜಗ್ಗಿ ನೋಡಿದರು.

"ಮೈಯಾಗ ರಕ್ತನ ಇಲ್ಲಲ್ಲವಾ. ಏನಾಗ್ಯದ ನಿನಗ?"

"ಕಾಮಣಿ ಆಗಿತ್ರಿ," ಎಂದು ಬಾಯಿಪಾಠದಂತೆ ಬಂತು ಉತ್ತರ.

ಡಾಕ್ಟರು ಇನ್ನೊಂದು ರೆಪ್ಪೆಯನ್ನೂ ಜಗ್ಗಿ ನೋಡಿದರು. ಬೈಯಲಿಲ್ಲ, ಮತ್ತೆ ಕೇಳಲಿಲ್ಲ. ಕೇಳದ್ದಕ್ಕೇ ಇರಬೇಕು, ಶೈಲಾ ಎಲ್ಲವನ್ನೂ ಹೇಳಿದಳು, ಬೇರೆ ಯಾರದೋ ಮನೆಯ ಸಂಗತಿ ಹೇಳುವವಳಂತೆ. ಕೊನೆಗೆ, "ಈಗಂತೂ ಕಾನೂನ ಹಂಗ ಆಗ್ಯದಂತಲ್ರಿ. ಯಾರು ಬೇಕಾದ್ರೂ ತಗಸಬಹುದಂತ," ಅಂದಳು.

"ಯಾರು ಬೇಕಾದ್ರೂ ಅಲ್ಲ," ಎಂದು ಪಂಕಜಾಕ್ಷಿಯವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಸರಿಯಾಗಿ ತಿಳ್ಕೊ. ಬಸರು ನಿಂದು. ಮೈಗೆ ತಡೀಲಾರದು ಅಂತಿದ್ರ, ಬ್ಯಾಡ ಅನ್ನೋ ದಾರಿ ನಿನಗ ಇರಲಿ, ಅದೂ ಒಳ್ಳೆ ಡಾಕ್ಟರ ಕೈಯಾಗ ಇರಲಿ ಅಂತ ಆ ಕಾನೂನು. ಅದು ಕೇಳೂದು ನಿನ್ನ ಒಪ್ಪಿಗಿ. ನಿನ್ನ ಅತ್ತೀದಲ್ಲ, ಮಾವಂದಲ್ಲ, ಗಂಡಂದೂ ಅಲ್ಲ. ಹೆಣ್ಣು ಅಂತ ನೋಡಿ ತಗಸೂದು ಬ್ಯಾರೆನ. ಅದು ಗುನ್ಹೆ. ನಿನಗ ಈ ಕೂಸು ಬೇಕೇನು?"

ಈ ಪ್ರಶ್ನೆಯನ್ನು ಶೈಲಾಳಿಗೆ ಯಾರೂ ಕೇಳಿರಲಿಲ್ಲ, ಹೀಗಾಗಿ ಉತ್ತರವನ್ನು ಎಲ್ಲಿ ಹುಡುಕಬೇಕೆಂಬುದೇ ಅವಳಿಗೆ ಗೊತ್ತಾಗಲಿಲ್ಲ.

"ಬೇಕ್ರಿ," ಎಂದಳು ಕೊನೆಗೆ. "ಯಾವುದಾದ್ರೂ ಸರಿ."

"ಹಂಗಾರ ಉಪ್ಪು ಹಾಕ್ಕೊಂಡು ಉಣ್ಣು, ಗುಳಿಗಿ ತಗೋ. ಇನ್ನೊಮ್ಮೆ ಆ ದವಾಖಾನಿಗೆ ಹೋದ್ರ ನೀ ವಾಪಸ್ ಬರತೀ ಅನ್ನೋ ಭರೋಸೆ ನನಗಿಲ್ಲ. ನೀ ಒಲ್ಲೆ ಅಂದ್ರ ನಿನ್ನ ಯಾರೂ ಒಯ್ಯಲಿಕ್ಕೆ ಬರಂಗಿಲ್ಲ."

ಒಲ್ಲೆ ಅನ್ನುವುದು ಅಷ್ಟು ಸುಲಭವೇ? ಆ ದಿನ ಗಂಡ ಅಮರನಿಗೆ ಹೇಳಿ ನೋಡಿದಳು. ಅವನು ಪಿಂಪ್ರಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಗುಮಾಸ್ತ. ಯಾರ ಮನಸ್ಸನ್ನೂ ನೋಯಿಸದ ಸ್ವಭಾವದವನು, ಹೆಂಡತಿಯೊಬ್ಬಳನ್ನು ಬಿಟ್ಟು.

"ಅವ್ವಾ-ಅಪ್ಪಾ ವಯಸ್ಸಾದವರು. ಮೊಮ್ಮಗನ ಮುಖಾ ನೋಡಬೇಕಂತಾರ. ಇದೊಂದ್ಸಲ ಹೋಗಿಬರೋಣು, ಶೈಲಾ. ಗಂಡಿದ್ರ ಮುಗದ ಹೋತಲ್ಲ?" ಅಂದ. ಹೋದ ಎರಡು ಸಲವೂ ಅವನು ಇದೊಂದ್ಸಲ ಅಂತಲೇ ಅಂದಿದ್ದ.

ಕಲ್ಲವ್ವ ಮಾತ್ರ ಗಡಿಬಿಡಿ ಮಾಡಲಿಲ್ಲ. "ಸಂಕ್ರಾಂತಿ ಮುಗೀಲಿ, ಅರಿಷಿಣ-ಕುಂಕುಮ ಆಗಲಿ. ಹಬ್ಬದಾಗ ಮೈಲಿಗಿ ಬ್ಯಾಡ," ಅಂದಳು.

ಅರಿಷಿಣ-ಕುಂಕುಮದ ಸಂಜೆ ಒಳಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಹಿಳಾ ಮಂಡಳದ ಹೆಂಗಸರೆಲ್ಲ ಬಂದಿದ್ದರು. ಬಾಗಿನಕ್ಕೆ ಅಂಗಡಿಯಿಂದ ಸ್ಟೀಲ್ ಬಟ್ಟಲುಗಳು ಬಂದಿದ್ದವು. ಹೊರಕೋಣೆಯಲ್ಲಿ ಅಪ್ಪ-ಮಗ ಟೀವಿ ಹಚ್ಚಿಕೊಂಡು ಕೂತಿದ್ದರು. ನಡುವೆ ಒಂದು ಪರದೆ ಮಾತ್ರ. ಎಳ್ಳು-ಬೆಲ್ಲ ಹಂಚಿ ಮುಗಿಯುತ್ತಲೂ ಕಲ್ಲವ್ವ ಮಾತು ತೆಗೆದಳು. ಈ ಹೊಸ ಕಾನೂನಿನ ವಿರುದ್ಧ ಮಂಡಳದಿಂದ ಒಂದು ಖಂಡನೆ ಕಳಿಸಬೇಕು.

"ಹೊಟ್ಟ್ಯಾಗಿನ ಜೀವಾ ತಗಿಯೂದು ಅಂದ್ರ ಮಹಾಪಾಪ. ಹೌದಲ್ರಿ?"

"ಹೌದ್ರಿ, ಹೌದ್ರಿ!" ಎಲ್ಲರಿಗಿಂತ ಗಟ್ಟಿಯಾಗಿ ದನಿಗೂಡಿಸಿದವಳು ಸಾವಂತ್ರವ್ವ, ಮಂಡಳದ ಬಾಯಿಬಡಕಿ. "ಅಂಥಾ ಹೆಂಗಸರನ್ನ ಓಣ್ಯಾಗ ಇಟಗೋಬಾರದು!"

ಕೈಗಳು ಮೇಲೇರಿದವು. ಶೈಲಾ ಕುಂಕುಮದ ಬಟ್ಟಲು ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ಯಾರೋ ಪರದೇಶದ ಭಾಷೆಯಲ್ಲಿ ಮಾತಾಡುತ್ತಿರುವಂತೆ ಅವಳಿಗೆ ಕೇಳಿಸುತ್ತಿತ್ತು. ನಾಳೆ ಬೆಳಿಗ್ಗೆ ಗಾಡಿ ಬರುವುದಿತ್ತು.

ಆಗ ಚಂದಮ್ಮ ಒಳಗೆ ಬಂದಳು. ಅವಳ ಮುಖದಲ್ಲಿ ಹಬ್ಬದ ಕಳೆಯೇ ಇರಲಿಲ್ಲ. ಅರಿಷಿಣ ಹಚ್ಚಿಸಿಕೊಳ್ಳಲೂ ಕೂರದೆ, "ಕಲ್ಲವ್ವಾರ, ನಾಳೆ ನೀವು ಬಾರಾಮತಿಗೆ ಹೊಂಟೀರಂತಲ್ರಿ? ಶೈಲಾಗ ಮತ್ತ ಕಾಮಣಿ ಬಂದದಂತ?" ಎಂದು ಕೇಳಿದಳು.

"ಹೂಂನವಾ. ಏನ ಮಾಡೂದು, ಅಕಿ ಮೈಗುಣಾನ ಹಂಗ," ಎಂದು ಕಲ್ಲವ್ವ ಉಸಿರುಬಿಟ್ಟಳು.

"ಗಾಡ್ಯಾಗ ನಮ್ಮ ಕುಶಲಗೂ ಒಂದೀಟು ಜಾಗಾ ಕೊಡ್ರಿ. ಒಂದ ವಾರಾತು, ಕಣ್ಣು ಹಳದಿ ಆಗ್ಯಾವ. ಶೈಲಾಗ ಗುಣ ಆಗಿತ್ತಲ್ಲ ಅಂತ ನಾನೂ ಮಾಲಿ ಹಾಕೀನಿ, ಉಪ್ಪು-ಎಣ್ಣಿ ಬಿಡಿಸೀನಿ. ಮಾಲಿ ಎದಿತನಾ ಇಳದದ. ಆದರ ಹುಡುಗಿ ಮುಂಜಾನಿಂದ ಏಳವಲ್ಲಳು. ಎಬಿಸಿದ್ರ ಏನೇನರ ಮಾತಾಡತಾಳ. ಡಾಕ್ಟರ ಬ್ಯಾಡ, ನಿಮ್ಮ ಆ ಹಳ್ಳಿ ಔಷಧನ ಹಾಕಸೋಣ ಅಂತ..."

ಗಾಡಿಯಲ್ಲಿ ಜಾಗವಿಲ್ಲ ಅನ್ನಬೇಕೋ, ಔಷಧದವನು ಊರಲ್ಲಿಲ್ಲ ಅನ್ನಬೇಕೋ ಎಂದು ಕಲ್ಲವ್ವ ತಡಕಾಡುವುದು ಶೈಲಾಳಿಗೆ ಕಾಣಿಸಿತು. ಕಾಲೇಜಿಗೆ ಹೋಗುವಾಗ ದಿನಾಲೂ ಅನುಜಾಳ ಕೆನ್ನೆ ಹಿಂಡಿ ಹೋಗುತ್ತಿದ್ದವಳು ಚಂದಮ್ಮನ ಮಗಳು ಕುಶಲ. ತನ್ನ ಹೆಸರಿನ ಮೇಲೆ ಕಟ್ಟಿದ ಸುಳ್ಳು ಈಗ ಎದುರುಮನೆಯಲ್ಲಿ ಇನ್ನೊಬ್ಬ ಮಗಳನ್ನು ತೆಗೆಯಲು ಕೂತಿತ್ತು.

"ಅಲ್ಲಿ ಕಾಮಣಿ ಔಷಧ ಇಲ್ರಿ, ಚಂದಮ್ಮಾರ," ಅಂದಳು ಶೈಲಾ. ತನ್ನ ದನಿ ಇಷ್ಟು ಸಪಾಟಾಗಿರುವುದು ಅವಳಿಗೇ ವಿಚಿತ್ರವೆನಿಸಿತು. "ನನಗ ಎಂದೂ ಕಾಮಣಿ ಆಗಿಲ್ಲ."

"ಶೈಲಾ! ಒಳಗ ನಡಿ!" ಎಂದು ಕಲ್ಲವ್ವ ಗದರಿದಳು.

"ಎರಡು ಸಲ ಬಸರು ತಗಸ್ಯಾರ್ರಿ. ಎರಡೂ ಹೆಣ್ಣು. ನನ್ನ ಯಾರೂ ಕೇಳಲಿಲ್ಲ. ನಾಳೆ ಹೊಂಟಿದ್ದೂ ಅದಕ್ಕ. ಅತ್ತೀ, ನಾ ಬರಂಗಿಲ್ಲ."

ಬಟ್ಟಲು ಹಿಡಿದ ಕೈಗಳೆಲ್ಲ ಇದ್ದಲ್ಲೇ ನಿಂತವು. ಚಂದಮ್ಮನ ಮನಸ್ಸು ಮಾತ್ರ ಇನ್ನೂ ಮಾಲೆಯಲ್ಲೇ ಇತ್ತು. "ಮತ್ತ ಆ ಮಾಲಿ? ಅದು ಇಳದಿತ್ತಲ್ಲವಾ? ನಾನ ನೋಡೀನಿ."

"ಕಡ್ಡಿ ಒಣಗಿದ್ರ ಗಂಟು ಸಡಲ್ತಾವ್ರಿ. ಗೂಟಕ್ಕ ಹಾಕಿದ್ರೂ ಇಳೀತದ. ಅದನ್ನ ತಗೀರಿ. ಪಂಕಜಾಕ್ಷಿ ಡಾಕ್ಟರ ಕಡೆ ಹೋಗೋಣು, ಈಗಿಂದೀಗ. ನಾನೂ ಬರತೀನಿ."

"ಸುಳ್ಳು ಹೇಳತಾಳವಾ! ತಲಿ ಕೆಟ್ಟದ ಅಕೀದು," ಎಂದು ಕಲ್ಲವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಸಾವಂತ್ರವ್ವಾ, ನೀನರ ಹೇಳ."

ಸಾವಂತ್ರವ್ವ ತನ್ನ ಬಟ್ಟಲನ್ನು ನೆಲದ ಮೇಲಿಟ್ಟಳು.

"ನಮ್ಮ ಮನ್ಯಾಗ ನನಗ ಟೈಫಾಯ್ಡ್ ಅಂದಿದ್ರು," ಅಂದಳು.

ಗೋಡೆಯ ಪಕ್ಕದಲ್ಲಿ ಯಾರೋ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಖಂಡನೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಶೈಲಾ ಕುಂಕುಮದ ಬಟ್ಟಲನ್ನು ಅತ್ತೆಯ ಮುಂದಿಟ್ಟು, ಅನುಜಾಳ ಕೈಹಿಡಿದು, ಚಂದಮ್ಮನ ಹಿಂದೆ ಪರದೆ ಸರಿಸಿ ಹೊರಬಂದಳು. ಅವಳಿಗೆ ಹೆದರಿಕೆಯೂ ಆಗಲಿಲ್ಲ, ಗೆದ್ದೆ ಎಂದೂ ಅನ್ನಿಸಲಿಲ್ಲ. ಹಂಚಿಗೆ ಸುಟ್ಟ ಬೆರಳಿನ ಕಲೆಯ ಮೇಲೆ ಮಗಳ ಅಂಗೈ ಬೆಚ್ಚಗೆ ತಾಗುತ್ತಿತ್ತು, ಅದಷ್ಟೇ ತಿಳಿಯುತ್ತಿತ್ತು. ಅಮರ ಅರ್ಧ ಎದ್ದವನು ಅಪ್ಪನ ಮುಖ ನೋಡಿ ಹಾಗೆಯೇ ನಿಂತ. ಟೀವಿಯಲ್ಲಿ ಸುದ್ದಿ ಶುರುವಾಗಿತ್ತು. ಹೊಳಬಸಪ್ಪನವರು ಎದುರುತ್ತರ ಕೊಡಲಿಲ್ಲ.