ಅಮ್ಮನ ಗಿಡದ ಬೀಜ

ಐಸ್ ತಟ್ಟೆ ತೆಗೆದುಕೊಂಡು ಅಕ್ಕನ ಮನೆಯ ಫ್ರಿಜ್ಜಿನ ಬಾಗಿಲು ಮುಚ್ಚಬೇಕು ಅನ್ನುವಾಗ, ಕೆಳಗಿನ ಖಾನೆಯಲ್ಲಿ ಸೊಪ್ಪಿನ ಕಟ್ಟಿನ ಹಿಂದೆ ಒಂದು ಪ್ಲಾಸ್ಟಿಕ್ ಡಬ್ಬಿ ಕಂಡಿತು. ಮುಚ್ಚಳದ ಒಳಗೆ ನೀರಿನ ಹನಿ ಕಟ್ಟಿತ್ತು. ಅಕ್ಕ ಏನೋ ಇಟ್ಟು ಮರೆತಿದ್ದಾಳೆ, ಹಳಸಿರಬೇಕು ಎಂದುಕೊಂಡು ನರ್ಸಮ್ಮ ಮುಚ್ಚಳ ತೆರೆದಳು. ಒಳಗೆ ಒದ್ದೆ ಮರಳು. ಬೆರಳಿನಿಂದ ಕೆದಕಿದರೆ ಚಪ್ಪಟೆಯಾದ ಪುಟ್ಟ ಕಂದು ಬೀಜಗಳು. ಆ ಬೀಜಗಳನ್ನು ಅವಳು ಕಣ್ಣು ಮುಚ್ಚಿಕೊಂಡೂ ಗುರುತಿಸಬಲ್ಲಳು.

"ಐಸ್ ಸಿಕ್ತಾ? ಇಲ್ಲಿ ಕಾಲು ಸಿಡೀತಾ ಇದೆ ಕಣೇ," ಎಂದು ಅಕ್ಕ ನಡುಮನೆಯಿಂದ ಕೂಗಿದಳು. ಮೆಟ್ಟಿಲಿಳಿಯುವಾಗ ಕಾಲು ಉಳುಕಿಸಿಕೊಂಡು ತಂಗಿಗೆ ಫೋನ್ ಮಾಡಿ ಕರೆಸಿಕೊಂಡಿದ್ದಳು.

"ಬಂದೆ."

ಬೀದಿಯವರೆಲ್ಲ ನರ್ಸಮ್ಮ ಅನ್ನುವ ಈ ತಂಗಿ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುತ್ತಾಳೆ. ಸೂಜಿ ಕಂಡರೆ ರಂಪ ಮಾಡುವ ಮಕ್ಕಳೂ ಇವಳ ಕೈಯಾದರೆ ಸುಮ್ಮನಿರುತ್ತವೆ. ಇವಳ ಪಾಳಿ ಯಾವಾಗ ಎಂದು ಕೇಳಿಕೊಂಡು ಬರುವ ತಾಯಂದಿರಿದ್ದಾರೆ. "ಎಂಥಾ ಕೈಗುಣ ಸಿಸ್ಟರ್ ನಿಮ್ಮದು" ಎಂದು ಅವರು ಹೇಳಿದಾಗಲೆಲ್ಲ ಇವಳಿಗೆ ಖುಷಿಗಿಂತ ಮುಜುಗರವೇ ಹೆಚ್ಚು. ಆ ಕೈಯಿಂದ ಅಮ್ಮನ ಗಿಡದ ಒಂದೇ ಒಂದು ಮೊಳಕೆ ಬರಿಸಲು ಆಗಿರಲಿಲ್ಲವಲ್ಲ.

ಅಮ್ಮನ ಗಿಡ ಎಂದರೆ ಮಾರ್ಷ್‌ಮ್ಯಾಲೋ. ಅಂಗಡಿಯಲ್ಲಿ ಸಿಗುವ ಮೆತ್ತನೆಯ ಮಿಠಾಯಿಗೂ ಇದಕ್ಕೂ ಈಗ ಉಳಿದಿರುವುದು ಹೆಸರಿನ ನಂಟು ಮಾತ್ರ. ದಾಸವಾಳದ ಬಳಗದ್ದು. ಎಲೆ ಸವರಿದರೆ ಹಸುಗೂಸಿನ ಕೆನ್ನೆಯ ಹಾಗೆ, ಹೂವಿಗೆ ತಿಳಿಗುಲಾಬಿ ಬಣ್ಣ. ಬೇರನ್ನು ತಣ್ಣೀರಿನಲ್ಲಿ ನೆನೆಸಿದರೆ ಬೆಂಡೆಕಾಯಿಯಂತೆ ಲೋಳೆ ಬಿಡುತ್ತದೆ. ಒಣಕೆಮ್ಮು ಬಂದರೆ ಅಮ್ಮ ಆ ನೀರು ಕುಡಿಸುತ್ತಿದ್ದಳು. ಅಮ್ಮ ಹಾಸಿಗೆ ಹಿಡಿದ ಮೇಲೆ ಗಿಡ ಅಕ್ಕನ ಹಿತ್ತಿಲು ಸೇರಿತು. "ಬೀಜದಿಂದ ಎಬ್ಬಿಸೋ ಬಗೆ ಅಕ್ಕನಿಗೆ ಹೇಳ್ಕೊಟ್ಟಿದ್ದೀನಿ," ಎಂದು ಅಮ್ಮ ಕೊನೆಯಲ್ಲಿ ಇವಳ ಕೈ ಹಿಡಿದು ಹೇಳಿದ್ದಳು. "ನಿಂಗೆ ಯಾವಾಗ್ಲೂ ಡ್ಯೂಟಿ. ಅವಳ ಹತ್ರ ಕೇಳ್ಕೋ."

ಕೇಳಿಕೊಂಡಳು. ಅಕ್ಕನೂ ಜಿಪುಣತನ ಮಾಡದೆ ವರ್ಷವರ್ಷವೂ ಕೈತುಂಬ ಬೀಜ ಕೊಟ್ಟಳು. ಮಣ್ಣು ಹದ ಮಾಡಿ, ಬೀಜ ಉದುರಿಸಿ, ನೀರು ಚಿಮುಕಿಸಿ ಇವಳು ಕಾದದ್ದೇ ಕಾದದ್ದು. ಕಳೆ ಬಂತು, ಗೊಬ್ಬರದಲ್ಲಿ ಬೆರೆತಿದ್ದ ಟೊಮೆಟೊ ಬಂತು, ಬರಬೇಕಾದ್ದು ಬರಲಿಲ್ಲ. "ಏನ್ ಮಾಡೋದು, ಕೆಲವರ ಕೈಗುಣಾನೇ ಹಾಗೆ," ಎಂದು ಅಕ್ಕ ನಾಲ್ಕು ಜನರೆದುರು ಇವಳ ಬೆನ್ನು ಸವರುತ್ತಿದ್ದಳು. ಮಾತು ನೆಂಟರಿಷ್ಟರಲ್ಲಿ ಹಬ್ಬಿತು. ಯಾರಾದರೂ ಸಸಿ ನೆಡುವಾಗ ಇವಳನ್ನು ಕಂಡರೆ "ನೀನೊಬ್ಬಳು ಮುಟ್ಟಬೇಡಮ್ಮ" ಎಂದು ನಗುತ್ತಿದ್ದರು. ಇವಳೂ ನಗುತ್ತಿದ್ದಳು. ಆದರೆ ವಾರ್ಡಿನಲ್ಲಿ ಒಂದು ಮಗು ಉಳಿಯದೆ ಹೋದ ದಿನ, ನಲ್ಲಿಯ ಕೆಳಗೆ ಕೈ ತೊಳೆಯುತ್ತ ನಿಂತವಳಿಗೆ ನೆನಪಾದದ್ದು ಅಕ್ಕನ ಅದೇ ಮಾತು. ಅಂದು ತನ್ನ ಕೈಗಳನ್ನು ನೋಡಿ ಅವಳಿಗೆ ಹೆದರಿಕೆಯಾಗಿತ್ತು.

ಈಗ ಡಬ್ಬಿ ಮುಚ್ಚಿ ಇದ್ದಲ್ಲೇ ಇಟ್ಟಳು. ಚಿಕ್ಕಂದಿನಲ್ಲಿ ಅಮ್ಮನೂ ಫ್ರಿಜ್ಜಿನ ಮೂಲೆಯಲ್ಲಿ ಇಂಥದ್ದೇ ಡಬ್ಬಿ ಇಡುತ್ತಿದ್ದಳು; ಔಷಧಿ, ಮುಟ್ಟಬೇಡಿ ಅನ್ನುತ್ತಿದ್ದಳು. ಈಗ ಅರ್ಥವಾಯಿತು. ಇದು ಚಳಿ ಕಂಡ ಮೇಲೆ ಕಣ್ಣು ಬಿಡುವ ಬೀಜ. ಒದ್ದೆ ಮರಳಿನಲ್ಲಿ, ತಂಪಿನಲ್ಲಿ, ಒಂದು ಚಳಿಗಾಲ ಮುಗಿಯಿತು ಅನ್ನಿಸುವಷ್ಟು ದಿನ ಮಲಗಿಸಿಟ್ಟು ಆಮೇಲೆ ಬಿತ್ತಬೇಕು. ಇವಳು ಇಷ್ಟು ವರ್ಷ ನಿದ್ದೆಯಲ್ಲಿದ್ದ ಬೀಜಕ್ಕೆ ನೀರು ಹಾಕಿ ಕೊಳೆಸಿದ್ದಳು.

ಕುರ್ಚಿಯ ಮುಂದೆ ಕೂತು ಅಕ್ಕನ ಊದಿದ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ಬಟ್ಟೆಯಲ್ಲಿ ಸುತ್ತಿದ ಐಸ್ ಒತ್ತುತ್ತ, "ಅಕ್ಕ, ಈ ಸಲಾನೂ ಬೀಜ ಹಾಕೋಣ ಅಂತಿದ್ದೀನಿ. ಹಾಕೋಕೆ ಮುಂಚೆ ಏನಾದ್ರೂ ಮಾಡ್ಬೇಕಾ?" ಎಂದಳು. ಹೇಳಿಬಿಡಲಿ ಎಂದು ಅವಳ ಮನಸ್ಸು ಬೇಡಿಕೊಳ್ಳುತ್ತಿತ್ತು. ಈಗಲಾದರೂ ಹೇಳಿದರೆ ಎಲ್ಲ ನುಂಗಿಕೊಂಡುಬಿಡಲು ತಯಾರಿದ್ದಳು.

ಅಕ್ಕನ ಕಣ್ಣು ಒಮ್ಮೆ ಅಡುಗೆಮನೆಯ ಕಡೆ ಹೋಗಿ ಬಂತು. "ಮಾಡೋದೇನು? ಮಣ್ಣಿಗೆ ಹಾಕು, ನೀರು ಹಾಕು."

"ತಂಪಲ್ಲಿ ಇಡೋದು, ಅಂಥದ್ದೇನಾದ್ರೂ? ಅಮ್ಮ ಏನೂ ಹೇಳಿರ್ಲಿಲ್ವಾ?"

"ಅಮ್ಮ ಏನ್ ಹೇಳ್ತಾಳೆ, ಪಾಪ. ಅವಳಿಗೆ ಆಗ ಉಸಿರಾಡೋಕೇ ಆಗ್ತಿರ್ಲಿಲ್ಲ." ಸೆರಗು ಸರಿಮಾಡಿಕೊಳ್ಳುತ್ತ ಅಕ್ಕನೇ ಮುಂದುವರಿಸಿದಳು. "ನಿಂಗ್ಯಾಕೆ ಈ ಹುಚ್ಚು? ಕೆಲಸ ಇದೆ, ಹೋದಲ್ಲೆಲ್ಲ ಸಿಸ್ಟರ್ ಸಿಸ್ಟರ್ ಅಂತ ಸುತ್ತಿಕೊಳ್ತಾರೆ. ನನ್ನ ಹತ್ರ ಜನ ಬರೋದು ಆ ಬೇರು ಕೇಳ್ಕೊಂಡು ಮಾತ್ರ. ನಿಂಗೆ ಬೇಕಾದಾಗ ಕೊಡಲ್ಲ ಅಂದಿದ್ದೀನಾ?"

ನರ್ಸಮ್ಮ ಕರಗುತ್ತಿದ್ದ ಐಸನ್ನು ಪಕ್ಕಕ್ಕಿಟ್ಟು ಕಾಲಿಗೆ ಸುತ್ತುವ ಪಟ್ಟಿಯನ್ನು ಕೈಗೆತ್ತಿಕೊಂಡಳು. ಬೀಜದ ಗುಟ್ಟು ಬಚ್ಚಿಟ್ಟದ್ದು ಹಾಗಿರಲಿ, ಸತ್ತ ಅಮ್ಮನ ತಲೆಯ ಮೇಲೆ ಸುಳ್ಳು ಹೊರಿಸಿ, ಮುಖಕ್ಕೆ ಮುಖ ಕೊಟ್ಟು ಕೂತಿದ್ದಾಳಲ್ಲ ಅಕ್ಕ. ಕೈಯಲ್ಲಿದ್ದ ಪಾದವನ್ನು ಅಲ್ಲೇ ಬಿಟ್ಟು ಎದ್ದು ಹೋಗಬೇಕು ಅನ್ನಿಸಿತು. ಹೋಗಲಿಲ್ಲ. ಪಟ್ಟಿಯನ್ನು ಎಲ್ಲೂ ಸಡಿಲಾಗದಂತೆ ನೀಟಾಗಿ ಸುತ್ತಿ ಮುಗಿಸಿದಳು.

"ಒಂಚೂರೂ ನೋವು ಗೊತ್ತಾಗ್ಲಿಲ್ಲ ಕಣೇ," ಎಂದಳು ಅಕ್ಕ.

ಮನೆಗೆ ಬಂದು, ಹಿಂದಿನ ಸಲ ಮಿಕ್ಕಿದ್ದ ಬೀಜವನ್ನು ಒದ್ದೆ ಮರಳಿಗೆ ಕಲಸಿ ಫ್ರಿಜ್ಜಿನಲ್ಲಿಟ್ಟಳು. "ಮರಳು ಇಲ್ಲಿಟ್ಟಿದ್ದೀಯಲ್ಲ, ಸಿಮೆಂಟ್ ಯಾವ ಖಾನೆಗೆ?" ಎಂದು ಗಂಡ ಕೇಳಿದ. ಅವಳು ಅದನ್ನು ಸೊಪ್ಪಿನ ಹಿಂದಕ್ಕೆ ತಳ್ಳಿದಳು. ಅಕ್ಕನ ಬಗ್ಗೆ ಹೇಳಲು ಬಾಯಿ ಬರಲಿಲ್ಲ.

ವಾರಗಳು ಕಳೆದ ಮೇಲೆ ಅದನ್ನು ಅಗಲದ ತಟ್ಟೆಯಲ್ಲಿ ಬಿತ್ತಿ ಬಿಸಿಲಿಗಿಟ್ಟಳು. ಒಂದು ಬೆಳಿಗ್ಗೆ ಪಾಳಿ ಮುಗಿಸಿ ಬಂದು ನೋಡಿದರೆ ಮಣ್ಣು ಅಲ್ಲಲ್ಲಿ ಬಿರಿದು, ಬೀಜದ ಸಿಪ್ಪೆಯನ್ನು ಇನ್ನೂ ತಲೆಯ ಮೇಲೆ ಹೊತ್ತುಕೊಂಡೇ ಮೊಳಕೆಗಳು ಎದ್ದಿದ್ದವು. ತಟ್ಟೆಯ ತುಂಬ. ಇಷ್ಟು ವರ್ಷ ಇದಕ್ಕಾಗಿ ಕಾದಿದ್ದವಳಿಗೆ ಸಂತೋಷ ಬರಲಿಲ್ಲ. ಇಷ್ಟು ಸುಲಭವಾಗಿತ್ತೇ ಎಂದು ಅಳು ಬಂತು. ಯೂನಿಫಾರ್ಮಿನಲ್ಲೇ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅತ್ತಳು.

ಆ ಸಂಜೆ ಅಕ್ಕನ ಫೋನು ಬಂತು. ಕಾಲು ವಾಸಿಯಾದದ್ದು, ಅಂಗಡಿಯವರೆಗೆ ನಡೆದು ಹೋದದ್ದು, ಎಲ್ಲ ಹೇಳಿಯಾದ ಮೇಲೆ ಅಕ್ಕ ಕೇಳಿದಳು.

"ಅಂದ ಹಾಗೆ, ಬೀಜ ಏನಾಯ್ತು?"

"ಬರ್ಲಿಲ್ಲ ಅಕ್ಕ."

ಆ ಕಡೆ ಅಕ್ಕ ಉಸಿರು ಬಿಟ್ಟದ್ದು ಕೇಳಿಸಿತು. "ಹೋಗ್ಲಿ ಬಿಡು, ಮನಸ್ಸಿಗೆ ಹಚ್ಕೋಬೇಡ. ಭಾನುವಾರ ನಾನೇ ಬೇರು ತಗೊಂಡು ಬರ್ತೀನಿ. ನಿನ್ ಜೊತೆ ಕೂತು ಮಾತಾಡಿ ಎಷ್ಟು ದಿನ ಆಯ್ತು, ನನ್ನ ಪುಟ್ಟ ತಂಗಿ." ಅಷ್ಟು ಅಕ್ಕರೆಯಿಂದ ಅಕ್ಕ ಮಾತಾಡಿದ್ದು ಇವಳಿಗೆ ನೆನಪಿರಲಿಲ್ಲ.

"ಬಾ ಅಕ್ಕ," ಎಂದಳು.

ಫೋನಿಟ್ಟು ಹಿತ್ತಿಲಿಗೆ ಹೋದಳು. ಮೊಳಕೆಯ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಭಾನುವಾರ ಬರುವ ಅಕ್ಕನ ಕಣ್ಣಿಗೆ ಬೀಳದಂತೆ ನೀರಿನ ಡ್ರಮ್ಮಿನ ಹಿಂದೆ ಇಟ್ಟಳು. ಅಲ್ಲಿ ಬಿಸಿಲು ಬೀಳುತ್ತಿರಲಿಲ್ಲ.