ಛತ್ರಿ ಇಳಿಸಿದ ಮೇಲೆ

"ಟಿಕೆಟ್ ತೋರ್ಸಿ ಮೇಡಂ," ಎಂದು ಅಪ್ಪ ಕೈ ಚಾಚಿದ.

ಮಗಳು ತಬ್ಬಿಬ್ಬಾದಳು. ಬೆಳಿಗ್ಗೆ ಇಬ್ಬರೂ ಒಂದೇ ಮೇಜಿನ ಎದುರುಬದುರು ಕೂತು ತಿಂಡಿ ತಿಂದು, ಒಂದೇ ಬೀಗದ ಎರಡು ಕೀಲಿಗಳನ್ನು ಜೇಬಿಗಿಳಿಸಿಕೊಂಡು ಹೊರಟವರು. ಈಗ ಗಡಿಯಾರ ಗೋಪುರದ ಕೆಳಗೆ, ಊರು ನೋಡಲು ಬಂದ ಹತ್ತಾರು ಅಪರಿಚಿತರ ನಡುವೆ ನಿಂತ ಅವಳನ್ನು ಅಪ್ಪ ಜನ್ಮದಲ್ಲೇ ಕಂಡಿಲ್ಲದವನ ಹಾಗೆ ನೋಡುತ್ತಿದ್ದ. ಅವಳು ಚೀಲ ತಡಕಾಡಿ ಟಿಕೆಟ್ ಕೊಟ್ಟಳು. ಅವನು ಅದರ ಮೂಲೆ ಹರಿದು ವಾಪಸು ಕೊಟ್ಟು, "ಹಿಂದೆ ಉಳೀಬೇಡಿ, ಛತ್ರಿ ನೋಡ್ಕೊಂಡು ಬನ್ನಿ," ಎಂದು ಮುಂದಿನವರ ಕಡೆ ತಿರುಗಿದ.

ತಾನು ಬರುತ್ತೇನೆಂದು ಅವಳು ಹೇಳಿರಲಿಲ್ಲ. ಹೇಳುವಂಥ ವಿಷಯವೂ ಅದಾಗಿರಲಿಲ್ಲ. ಬಂದವರಿಗೆ ಊರನ್ನು ಕಾಲ್ನಡಿಗೆಯಲ್ಲಿ ತೋರಿಸುವ ಆ ಪುಟ್ಟ ಕಂಪನಿಯಲ್ಲಿ ಅಪ್ಪ ಹಳೆಯ ಗೈಡು. ಅವಳು ಅದೇ ಕಂಪನಿಯ ಆಫೀಸಿನಲ್ಲಿ ಕೂತು, ಗೈಡುಗಳು ಎಲ್ಲಿ ನಿಲ್ಲಬೇಕು, ನಿಂತು ಏನು ಹೇಳಬೇಕು ಎಂದು ಬರೆದುಕೊಡುವವಳು. ಗೋಪುರದ ಎತ್ತರ, ಸೇತುವೆ ಕಟ್ಟಿದ ವರ್ಷ, ಕೆರೆಯ ಆಳ, ಎಲ್ಲವೂ ಅವಳಿಗೆ ಬಾಯಿಪಾಠ. ನಿನ್ನೆ ಸಂಜೆ ಮಾಲೀಕ ಅವಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದ್ದ.

"ನಿಮ್ಮಪ್ಪನ ಮೇಲೆ ದೂರು ಬಂದಿದೆಯಮ್ಮ. ಯಾರೋ ಟಿಕೆಟ್ ಕೊಡೋ ಹೆಂಗಸಂತೆ, ದಾರಿ ಉದ್ದಕ್ಕೂ ಅವಳದೇ ಕಥೆ ಹೇಳ್ತಾರಂತೆ. ಯಾರೋ ಒಬ್ರು ಮ್ಯೂಸಿಯಂಗೆ ಹೋಗಿ ವಿಚಾರಿಸಿದ್ದಾರೆ. ಅಂಥೋಳು ಯಾರೂ ನಮಗೆ ಗೊತ್ತಿಲ್ಲ ಅಂದ್ರಂತೆ. ನೀನು ಬರ್ಕೊಟ್ಟಿದ್ದೀಯಾ ಆ ಕಥೆ?"

"ಇಲ್ಲ ಸಾರ್."

"ಮತ್ತೆ? ಬುರುಡೆ ಕೇಳೋಕೆ ಜನ ಇಷ್ಟು ದೂರ ಬರ್ತಾರಾ? ನಾಳೆ ನೀನೇ ಹೋಗಿ ನೋಡು. ದಾಖಲೆ ಇದ್ರೆ ಸರಿ. ಇಲ್ಲಾಂದ್ರೆ ಆ ಹೆಂಗಸಿನ ಕಥೆ ನಿಲ್ಲಬೇಕು, ಇಲ್ಲಾ ನಿಮ್ಮಪ್ಪ ನಿಲ್ಲಬೇಕು. ಮನೆಯೋರು ಅಂತ ಮುಖ ನೋಡೋಕಾಗಲ್ಲ."

ನಡಿಗೆ ನಿಂತರೆ ಅಪ್ಪನ ಗತಿ ಏನು ಎಂದು ಯೋಚಿಸಿಯೇ ಅವಳಿಗೆ ತಲೆ ಕೆಟ್ಟಿತ್ತು. ರಜೆಯ ದಿನಗಳಲ್ಲಿ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ತಿರುಗಿ ತಿರುಗಿ ಸುಸ್ತಾಗುವ ಮನುಷ್ಯ. ಅದಿರಲಿ, ಅವಳಿಗೆ ಅದಕ್ಕಿಂತ ದೊಡ್ಡ ಸೋಜಿಗವೆಂದರೆ ಅಪ್ಪ ಕಥೆ ಹೇಳುತ್ತಾನೆ ಎಂಬುದೇ. ಮನೆಯಲ್ಲಿ ಅವನ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಹರಸಾಹಸ ಪಡಬೇಕು. ಅಮ್ಮನ ವಿಷಯವಂತೂ ಕೇಳುವ ಹಾಗೇ ಇರಲಿಲ್ಲ. ಮಗಳಿಗೆ ನಡೆಯಲು ಬರುವ ಹೊತ್ತಿಗೆ ಅಮ್ಮ ಜ್ವರದಲ್ಲಿ ತೀರಿಕೊಂಡಿದ್ದಳು. ಗೊತ್ತಿದ್ದುದು ಅಷ್ಟೇ. ಗೋಡೆಯ ಮೇಲೆ ಒಂದು ಫೋಟೋ ಕೂಡ ಇರಲಿಲ್ಲ. ಏನಾದರೂ ಕೇಳಿದರೆ ಅಪ್ಪ ತಟ್ಟೆಯ ಕಡೆ ನೋಡಿ, "ಊಟ ಆಯ್ತಾ ನಿಂದು?" ಎನ್ನುತ್ತಿದ್ದ. ಕ್ರಮೇಣ ಅವಳೂ ಕೇಳುವುದನ್ನು ಬಿಟ್ಟಳು.

ಆ ಅಪ್ಪ ಈಗ ಗೋಪುರದ ಮೆಟ್ಟಿಲ ಮೇಲೆ ನಿಂತು ಚೌಕವೆಲ್ಲ ಕೇಳುವಂತೆ ಮಾತಾಡುತ್ತಿದ್ದ.

"ನಮ್ಮ ಪದ್ಧತಿ ಹೇಳಿಬಿಡ್ತೀನಿ. ಛತ್ರಿ ಮೇಲಿದ್ರೆ ನಡೀಬೇಕು. ಛತ್ರಿ ಇಳಿಸಿದ್ರೆ ನಿಲ್ಲಬೇಕು, ಕೈ ಎತ್ತಿ ಏನು ಬೇಕಾದ್ರೂ ಕೇಳ್ಬಹುದು. ಇವತ್ತಿನವರೆಗೂ ಯಾರ ಪ್ರಶ್ನೆನೂ ಉತ್ತರ ಕೊಡದೆ ಬಿಟ್ಟಿಲ್ಲ ನಾನು."

ಮಗಳಿಗೆ ನಗುವೂ ಬಂತು, ಸಿಟ್ಟೂ ಬಂತು.

"ಈ ಗಡಿಯಾರ ನೋಡಿ, ಯಾವಾಗ್ಲೂ ಹಿಂದೆ. ಮೊದ್ಲು ಈ ಊರಲ್ಲಿ ದೋಣಿ ಓಡಾಡ್ತಿದ್ವಲ್ಲ, ಆಗ ದೋಣಿಕಟ್ಟೇಲಿ ಟಿಕೆಟ್ ಕೊಡೋಳು ಒಬ್ಬಳಿದ್ಲು. ಕೆಲಸಕ್ಕೆ ಹೋಗ್ತಾ ದಿನಾ ಇಲ್ಲಿ ನಿಂತು ಇದಕ್ಕೆ ಬೈದೇ ಹೋಗ್ಬೇಕು. 'ಏಳೋ ಸೋಮಾರಿ, ನಿನ್ನ ನಂಬ್ಕೊಂಡ್ರೆ ನನ್ನ ಕೆಲಸ ಹೋಗುತ್ತೆ!' ಅಂತ. ದಾರೀಲಿ ಹೋಗೋರು ತಮಗೇ ಬೈದ್ಲು ಅಂದ್ಕೊಂಡು ಓಡೋರು."

ಜನ ನಕ್ಕರು. ಗಡಿಯಾರ ತಯಾರಿಸಿದವರ ವಿವರ, ಗಂಟೆಯ ತೂಕ, ಮಗಳು ಕಷ್ಟಪಟ್ಟು ಹುಡುಕಿ ಬರೆದ ಒಂದು ಸಾಲನ್ನೂ ಅಪ್ಪ ಹೇಳಲಿಲ್ಲ. ಛತ್ರಿ ಎತ್ತಿ, ಜನರ ಕಡೆ ಮುಖ ಮಾಡಿಕೊಂಡೇ ಹಿಂದು ಹಿಂದಕ್ಕೆ ನಡೆಯತೊಡಗಿದ. ಹಿಂದೆ ಕಣ್ಣಿದೆಯೇನೋ ಎಂಬಂತೆ ಕಂಬವನ್ನೂ ಕಸದ ಡಬ್ಬಿಯನ್ನೂ ಬಳಸಿಕೊಂಡು ಹೋಗುತ್ತಿದ್ದ.

ಉದ್ಯಾನದಲ್ಲಿ ಹುಲ್ಲು ಆಗತಾನೇ ಕತ್ತರಿಸಿದ್ದರು. ಕೆರೆಯ ಬದಿಯ ಒಂದು ಬೆಂಚಿನ ಹತ್ತಿರ ಛತ್ರಿ ಇಳಿಯಿತು.

"ಇಲ್ಲಿಂದ ದೋಣಿ ಹೊರಟು ಕಾಲುವೆ ಹಿಡಿದು ನದಿವರೆಗೂ ಹೋಗ್ತಿತ್ತು. ಒಬ್ಬ ದೋಣಿಯವನಿದ್ದ. ತೋಳಲ್ಲಿ ಬಲ ಇತ್ತು, ಬಾಯಲ್ಲಿ ಮಾತಿರ್ಲಿಲ್ಲ. ಮುಂದಿನ ಕಟ್ಟೆ ಯಾವುದು ಅಂತ ಕೂಗೋಕೂ ನಾಚಿಕೆ. ಜನ ಇಳಿಯೋ ಕಡೆ ಇಳೀದೆ ಎಲ್ಲೆಲ್ಲೋ ಹೋಗಿ ಬೈಯೋರು. ಆ ಟಿಕೆಟ್ನೋಳು ಇವನನ್ನ ಈ ಬೆಂಚಿನ ಮೇಲೆ ನಿಲ್ಲಿಸಿ, ಕಟ್ಟೆಗಳ ಹೆಸರನ್ನ ಬಾತುಕೋಳಿಗಳಿಗೆ ಕೂಗಿ ಹೇಳಿಸಿದ್ಲು. ಬಾತುಕೋಳಿ ತಿರುಗಿ ನೋಡೋವರೆಗೂ ಬಿಡ್ಲಿಲ್ಲ."

"ತಿರುಗಿ ನೋಡಿದ್ವಾ?" ಎಂದು ಅಗಲ ಟೋಪಿಯ ಹೆಂಗಸೊಬ್ಬಳು ಕೇಳಿದಳು.

"ಮೂರ್ನಾಲ್ಕು ದಿನ ಆದ್ಮೇಲೆ. ಅವಕ್ಕೂ ಸಾಕಾಗಿರ್ಬೇಕು."

ಎಲ್ಲರ ಜೊತೆ ಮಗಳೂ ನಕ್ಕಳು. ನಗು ಮುಗಿಯುವ ಮೊದಲೇ ಒಂದು ಅನುಮಾನ ಸುಳಿಯಿತು. ಅಪ್ಪ ಗೈಡಾಗುವ ಮೊದಲು ದೋಣಿ ನಡೆಸುತ್ತಿದ್ದ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಊರಲ್ಲಿ ಆಗ ದೋಣಿಯವರಿಗೇನು ಬರವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಗುಂಪಿನ ಹಿಂದೆ ನಡೆದಳು.

ದಾರಿ ಕಾಲುವೆಯ ಅಂಚಿಗೆ ಇಳಿಯಿತು. ಒಂದು ಕಡೆ ನಿಧಾನವಾಗಿ ಹರಿಯುವ ಹಸಿರು ನೀರು, ಇನ್ನೊಂದು ಕಡೆ ಮನೆಗಳ ಹಿತ್ತಿಲು, ತಂತಿಯ ಮೇಲೆ ಒಣಗುವ ಬಟ್ಟೆಗಳು. ಮುಂದೆ ರೈಲು ಹೋಗುವ ಅಗಲವಾದ ಸೇತುವೆ, ಅದರ ಕೆಳಗೆ ಹಗಲಲ್ಲೂ ಕತ್ತಲೆ. ಅಪ್ಪ ಕತ್ತಲೆಯೊಳಗೆ ಏನನ್ನೋ ಹೇಳುತ್ತಾ ಹೋದ. ಆಚೆ ಬದಿಗೆ ಬರುತ್ತಿದ್ದಂತೆ ಬಿಸಿಲು ಮುಖಕ್ಕೆ ರಾಚಿತು. ಮಗಳು ಸೀನಿದಳು.

ಇದು ಅವಳ ಹುಟ್ಟುಗುಣ. ನೆರಳಿನಿಂದ ಬಿಸಿಲಿಗೆ ಕಾಲಿಟ್ಟರೆ ಸಾಕು, ಮೂರು ಸೀನು ಗ್ಯಾರಂಟಿ. ಆಫೀಸಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಎರಡನೆಯದೂ ಬಂತು. ಮಾತಿನ ನಡುವೆ ಇದ್ದ ಅಪ್ಪ ಥಟ್ಟನೆ ನಿಲ್ಲಿಸಿದ. ಮೂರನೆಯದು ಆದ ಮೇಲೆ, ಏನೂ ಆಗದವನಂತೆ, ಬಿಟ್ಟಲ್ಲಿಂದ ಮುಂದುವರಿಸಿದ.

ಕಾಲುವೆಯ ಮೇಲಿನ ಕಬ್ಬಿಣದ ಕಾಲುಸೇತುವೆಯ ನಡುವೆ ಛತ್ರಿ ಇಳಿಸಿದಾಗ ಟೋಪಿಯ ಹೆಂಗಸು ಮತ್ತೆ ಕೈ ಎತ್ತಿದಳು. "ಸಾರ್, ನಾನು ಹೋದ ವರ್ಷಾನೂ ಬಂದಿದ್ದೆ. ಸೀನಿನ ಕಥೆ ಹೇಳ್ಲೇ ಇಲ್ವಲ್ಲ ಇವತ್ತು? ನಮ್ಮ ತಂಗಿಗೆ ಅದನ್ನ ಕೇಳ್ಸೋಕೇ ಕರ್ಕೊಂಡು ಬಂದಿದ್ದೀನಿ."

"ಇವತ್ತು ಅದು ಬೇಡ ಬಿಡಿ," ಎಂದ ಅಪ್ಪ.

"ಪ್ರಶ್ನೆ ಬಿಡೋದಿಲ್ಲ ಅಂದ್ರಲ್ಲ!"

ಅಪ್ಪ ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದ. ಛತ್ರಿಯ ತುದಿಯಿಂದ ಸೇತುವೆಯ ಹಲಗೆಯನ್ನು ಎರಡು ಸಲ ಕುಟ್ಟಿದ. ಮಗಳು ನಿಂತ ಕಡೆಯೊಂದನ್ನು ಬಿಟ್ಟು ಬೇರೆಲ್ಲ ಕಡೆ ನೋಡುತ್ತಾ ಹೇಳಿದ.

"ಕೆಲಸ ಮುಗಿದ್ಮೇಲೆ ಅವಳು ಕೊನೇ ದೋಣೀಲಿ ಮನೆಗೆ ಹೋಗೋಳು. ಈಗ ನಾವು ಬಂದ್ವಲ್ಲ, ಆ ಕತ್ತಲಿಂದ ದೋಣಿ ಹೊರಗೆ ಬಂದು ಬಿಸಿಲು ಬಿತ್ತು ಅಂದ್ರೆ ಸೀನು. ಒಂದಲ್ಲ, ಮೂರು. ಅವಳು ಸೀನಿದ್ರೆ ದೋಣಿ ಅಲ್ಲಾಡೋದು. ಅದಕ್ಕೇ ದೋಣಿಯವನು ಮೂರನೇದು ಆಗೋವರೆಗೂ ಹುಟ್ಟು ಹಾಕ್ತಿರ್ಲಿಲ್ಲ. ಕಾಯ್ತಿದ್ದ. ಜನ ಬೈದ್ರೂ ಕಾಯ್ತಿದ್ದ."

"ಅಯ್ಯೋ, ನೀವೂ ಈಗ ಮೂರು ಸಲ ಸೀನಿದ್ರಲ್ಲ!" ಎಂದು ಟೋಪಿಯಾಕೆ ಖುಷಿಯಿಂದ ಮಗಳ ತೋಳು ತಟ್ಟಿದಳು.

ಮಗಳು ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮೊದಲು ಬಂದದ್ದು ದುಃಖವಲ್ಲ, ಕೋಪ. ಗಡಿಯಾರಕ್ಕೆ ಬೈಯುತ್ತಿದ್ದ ಅಮ್ಮ, ಬಾತುಕೋಳಿಗಳ ಮುಂದೆ ಗಂಡನಿಗೆ ಮಾತು ಕಲಿಸಿದ ಅಮ್ಮ, ತನ್ನ ಹಾಗೇ ಸೀನುತ್ತಿದ್ದ ಅಮ್ಮ! ಈ ಟೋಪಿಯವಳಿಗೆ ಹೋದ ವರ್ಷವೇ ಗೊತ್ತು. ಅವಳ ತಂಗಿಗೂ ಗೊತ್ತಾಯಿತು. ದಾರಿಹೋಕರಿಗೆಲ್ಲ ಧಾರಾಳವಾಗಿ ಹಂಚಿದವನು ಮನೆಯಲ್ಲಿದ್ದ ಒಬ್ಬಳಿಗೆ ಒಂದು ತುಣುಕನ್ನೂ ಕೊಡಲಿಲ್ಲವಲ್ಲ. ಜಗಳವಾಡಿಬಿಡಬೇಕು ಎನಿಸಿತು. ಆದರೆ ಜಗಳವಾಡಿದರೆ ಅವನು ಮತ್ತೆ ಮನೆಯ ಅಪ್ಪನಾಗಿಬಿಡುತ್ತಾನೆ, ಊಟ ಆಯ್ತಾ ಎಂದು ಕೇಳುತ್ತಾನೆ. ಅಲ್ಲಿಗೆ ಮುಗಿಯಿತು. ಅವಳು ತುಟಿ ಕಚ್ಚಿಕೊಂಡು ಛತ್ರಿಯ ಹಿಂದೆ ನಡೆದಳು.

ಕಾಲುವೆ ನದಿ ಸೇರುವ ಕಡೆ ಹಳೆಯ ದೋಣಿಕಟ್ಟೆ. ಪಾಚಿ ಹಿಡಿದ ಮೆಟ್ಟಿಲುಗಳು, ಹಗ್ಗ ಉಜ್ಜಿ ಉಜ್ಜಿ ನುಣುಪಾದ ಕಲ್ಲಿನ ಗೂಟ, ಬಣ್ಣ ಎದ್ದುಹೋದ ಒಂದು ಸಣ್ಣ ಮರದ ಗೂಡು. ಗೂಡಿನ ಕಿಟಕಿಗೆ ಅಡ್ಡಲಾಗಿ ಹಲಗೆ ಹೊಡೆದಿದ್ದರು.

"ಒಂದು ದಿನ ಈ ಕಿಟಕಿ ತೆರೀಲಿಲ್ಲ," ಎಂದ ಅಪ್ಪ. "ಆಮೇಲೆ ಸ್ವಲ್ಪ ಕಾಲಕ್ಕೆ ದೋಣಿಗಳೂ ನಿಂತ್ವು. ನಮ್ಮ ನಡಿಗೆನೂ ಇಲ್ಲಿಗೆ ಮುಗೀತು. ಪ್ರಶ್ನೆ ಇದ್ರೆ ಕೇಳಿ."

ಛತ್ರಿ ಇಳಿಯಿತು. ಮಗಳು ಕೈ ಎತ್ತಿದಳು.

ಅಪ್ಪ ಅದನ್ನು ನೋಡಿದ. ನೋಡದ ಹಾಗೆ ಇರಲು ಸಾಧ್ಯವಿರಲಿಲ್ಲ, ಎತ್ತಿದ್ದು ಅದೊಂದೇ ಕೈ. "ಕೇಳಿ ಮೇಡಂ."

"ಆಕೆಗೆ ಮಕ್ಕಳಿದ್ರಾ ಸಾರ್?"

"ಒಂದು. ಹೆಣ್ಣು ಮಗು."

"ಕೆಲಸಕ್ಕೆ ಬರುವಾಗ ಎಲ್ಲಿ ಬಿಟ್ಟು ಬರೋರು ಅದನ್ನ?"

"ಬಿಡ್ತಿರ್ಲಿಲ್ಲ. ಇಲ್ಲೇ, ಗೂಡಿನ ಒಳಗೆ. ಹಗ್ಗದ ಸುರುಳಿ ಮೇಲೆ ಶಾಲು ಹಾಸಿ ಮಲಗಿಸೋಳು. ಎದ್ದು ಅತ್ರೆ ಕಿಟಕಿ ಕಟ್ಟೆ ಮೇಲೆ ಕೂರಿಸಿ ಟಿಕೆಟ್ ಕೈಗೆ ಕೊಡೋಳು. ಆ ಪುಟ್ಟ ಕೈಯಿಂದಾನೇ ಟಿಕೆಟ್ ಬೇಕು ಅಂತ ಜನ ಸಾಲು ನಿಲ್ಲೋರು. ಅದು ಮಾತ್ರ ಕೊಟ್ಟ ಟಿಕೆಟ್ಟನ್ನ ವಾಪಸ್ ಕಿತ್ಕೊಳ್ಳೋದು."

ಯಾರೋ ನಕ್ಕರು. ಮಗಳ ಕೈ ಇನ್ನೂ ಮೇಲೇ ಇತ್ತು. "ಆ ಮಗೂಗೆ ಇದೆಲ್ಲ ಗೊತ್ತಾ?"

ಅಪ್ಪ ಛತ್ರಿಯ ಪಟ್ಟಿಯನ್ನು ಬಿಚ್ಚಿದ, ಮತ್ತೆ ಸುತ್ತಿದ. ಕೆಳಗೆ ನೀರು ಮೆಟ್ಟಿಲಿಗೆ ತಾಗಿ ತಾಗಿ ಹಿಂದೆ ಸರಿಯುತ್ತಿತ್ತು.

"ಗೊತ್ತಿಲ್ಲ," ಎಂದ ಕೊನೆಗೆ. "ಹೇಳ್ಬೇಕು ಅಂತ ಆ ದೋಣಿಯವನು ಎಷ್ಟೋ ಸಲ ಬಾಯಿ ತೆರೆದಿದ್ದಾನೆ. ಆದ್ರೆ ಮನೇಲಿ ಕೂತು ಹೇಳೋಕೆ ಶುರು ಮಾಡಿದ್ರೆ ನೇರವಾಗಿ ಕಿಟಕಿ ಮುಚ್ಚಿದ ದಿನಕ್ಕೇ ಬಂದು ನಿಲ್ಲುತ್ತೆ. ಅಲ್ಲಿಂದ ಆಚೆ ಹೋಗೋಕೆ ಬರಲ್ಲ. ಇಲ್ಲಾದ್ರೆ ನಡೀತಾ ಇರ್ತೀವಿ. ಅಳು ಬಂದ್ರೂ ಮುಂದಿನ ಜಾಗಕ್ಕೆ ಹೋಗ್ಲೇಬೇಕು, ಜನ ಕಾಯ್ತಿರ್ತಾರೆ." ಛತ್ರಿಯನ್ನು ನೆಲಕ್ಕೂರಿ ಸೇರಿಸಿದ. "ತಪ್ಪು ಅವನದೇ. ಅದರಲ್ಲೇನೂ ಅನುಮಾನ ಬೇಡ ಮೇಡಂ."

ಟೋಪಿಯಾಕೆ ಅಪ್ಪನ ಮುಖ ನೋಡಿದಳು, ಮಗಳ ಮುಖ ನೋಡಿದಳು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಇನ್ನೇನೂ ಕೇಳದೆ ತಂಗಿಯ ಕೈ ಹಿಡಿದು ಮೆಟ್ಟಿಲು ಹತ್ತಿದಳು. ಉಳಿದವರೂ ಥ್ಯಾಂಕ್ಸ್ ಹೇಳಿ ಒಬ್ಬೊಬ್ಬರಾಗಿ ಚದುರಿದರು.

ಮಗಳ ಫೋನು ಬಡಿದುಕೊಂಡಿತು. ಮಾಲೀಕ.

"ಏನಮ್ಮ, ನಿಜಾನೋ ಬುರುಡೆನೋ?"

"ನಿಜ ಸಾರ್."

"ದಾಖಲೆ ಇದೆಯಾ?"

"ಇದೆ ಸಾರ್. ನಾಳೆ ಬೆಳಿಗ್ಗೆ ಆಫೀಸಿಗೆ ಬರುತ್ತೆ. ಬಿಸಿಲಲ್ಲಿ ನಿಲ್ಲಿಸಿ ಮೂರು ಸೀನು ಎಣಿಸ್ಕೊಳ್ಳಿ," ಎಂದು ಅವಳು ಫೋನು ಇಟ್ಟಳು.

ಅಪ್ಪ ಗೂಟಕ್ಕೆ ಒರಗಿ ನಿಂತಿದ್ದ. ಛತ್ರಿಯನ್ನು ಕಂಕುಳಿಗೆ ಸೇರಿಸಿಕೊಂಡು, ಅವಳ ಚಪ್ಪಲಿಯ ಕಡೆ ನೋಡುತ್ತಾ ಕೇಳಿದ. "ಊಟ ಆಯ್ತಾ ನಿಂದು?"

ಅವಳು ಮತ್ತೆ ಕೈ ಎತ್ತಿದಳು.

"ಸಾರ್, ಇನ್ನೂ ಪ್ರಶ್ನೆ ಇವೆ. ತುಂಬಾ ಇವೆ."

ಅಪ್ಪ ಆ ಕೈಯನ್ನೇ ನೋಡುತ್ತಾ ನಿಂತ. ಆಮೇಲೆ ಕಂಕುಳಿಂದ ಛತ್ರಿ ತೆಗೆದು, ಒಂದು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಟಿಕೆಟ್‌ನಲ್ಲಿ ಇಲ್ಲದ ಜಾಗ ಒಂದಿದೆ. ಸ್ವಲ್ಪ ದೂರ. ನಿಮ್ಮಮ್ಮನ ಮನೆ ಇದ್ದ ಬೀದಿ."

ಛತ್ರಿ ಮೇಲೇರಿತು. ನದಿಯ ಅಂಚಿನ ದೊಡ್ಡ ಮರಗಳ ನೆರಳಲ್ಲಿ ಅಪ್ಪ, ಅವಳ ಕಡೆ ಮುಖ ಮಾಡಿಕೊಂಡು, ಹಿಂದು ಹಿಂದಕ್ಕೆ ನಡೆಯತೊಡಗಿದ. ಅವಳು ಹಿಂಬಾಲಿಸಿದಳು. ಮರಗಳ ಸಾಲು ಮುಗಿದು ಬಯಲು ಬಂತು. ಬಿಸಿಲು ಬಿದ್ದದ್ದೇ ತಡ, ಸೀನು. ಇನ್ನೊಂದು.

ಅಪ್ಪ ಛತ್ರಿಯನ್ನು ಎತ್ತಿ ಹಿಡಿದುಕೊಂಡೇ, ಮೂರನೆಯದಕ್ಕಾಗಿ ಕಾಯುತ್ತಾ ನಿಂತ.